ಹುಡುಗರೂ ಹೊಗೆಬತ್ತಿಯೂ

ಹಸಿವು, ಬಾಯಾರಿಕೆ, ನಿದ್ರೆ ಇವುಗಳನ್ನು ಮನುಷ್ಯನಿಗೆ ಯಾರೂ ಕಲಿಸಬೇಕಾದುದಿಲ್ಲ, ಹುಟ್ಟಿನೊಡನೆಯೇ ಬಂದಿರುತ್ತವೆ. ಹೊಗೆ ಕುಡಿಯುವುದು ಹಾಗಲ್ಲ. ಅದನ್ನು ಪ್ರಯತ್ನಪೂರ್ವಕವಾಗಿ ಅಭ್ಯಾಸಮಾಡಬೇಕು. ಮೊದಲನೆಯ ಸಲ ಹೊಗೆಯನ್ನು ಒಳಕ್ಕೆಳೆದ ಹುಡುಗನಿಗೆ ಕೆಮ್ಮು ಒತ್ತರಿಸಿ ಬರುತ್ತದೆ, ಕಣ್ಣಿನಲ್ಲಿ ನೀರೂರುತ್ತದೆ, ತಲೆ ಗಿರ್ರನೆ ತಿರುಗುತ್ತದೆ, ಎಷ್ಟೋ ಮಂದಿಗೆ ವಾಂತಿಯೂ ಆಗುವುದುಂಟು. ಶರೀರವು ತನಗೆ ತಿಳಿದ ಭಾಷೆಯಲ್ಲೆಲ್ಲ ‘ಬೇಡ, ಬೇಡ’ ಎಂದು ಮೊರೆಯಿಡುತ್ತದೆ. ಹೀಗಿದ್ದರೂ, ರಾಮಶಬ್ದವನ್ನು ಎರಡು ಸಲ ಒಪ್ಪಿಸೆಂದರೆ ಆಕಳಿಸುವ ಬಾಲಕನು ಈ ಒಂದು ವಿದ್ಯೆಯನ್ನು ಮಾತ್ರ, ಗುರುವಿನ ಭಯವಿಲ್ಲದೆ, ಪರೀಕ್ಷೆಯ ಒತ್ತಾಯವಿಲ್ಲದೆ, ಕೈಯಿಂದ ಕಾಸು ಖರ್ಚುಮಾಡಿಕೊಂಡು, ಪಟ್ಟುಹಿಡಿದು ಸಾಧಿಸುತ್ತಾನಲ್ಲ, ಇದಕ್ಕೆ ಕಾರಣವೇನು? ಗೃಹಸ್ಥರಾದವರು ಈ ಪ್ರಶ್ನೆಯನ್ನು ಒಮ್ಮೆ ಸಾವಧಾನವಾಗಿ ವಿಚಾರಮಾಡಬೇಕೆಂದು ನಮ್ಮ ಅಭಿಪ್ರಾಯ. ‘ಕಾಲ ಕೆಟ್ಟಿತು, ಸಹವಾಸ ಕೆಟ್ಟಿತು’ ಎಂದುಬಿಟ್ಟರೆ ಉತ್ತರವಾಗಲಿಲ್ಲ. ಕಾಲವು ಯಾವಾಗಲೂ ಕೆಡುತ್ತಲೇ ಇರುತ್ತದೆ. ನಮ್ಮ ತಾತಂದಿರೂ ಅದನ್ನೇ ಹೇಳುತ್ತಿದ್ದರು.

ವಿಷಯವು ಎಷ್ಟರಮಟ್ಟಿಗೆ ಮನೆಯೊಳಗಿನದು ಎಂಬುದನ್ನು ಮೊದಲು ನೋಡೋಣ. 2019ರಲ್ಲಿ ನಮ್ಮ ದೇಶದ ಶಾಲೆಗಳಲ್ಲಿ ನಡೆದ ಜಾಗತಿಕ ಯುವಜನ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷ ವಯಸ್ಸಿನ ವಿದ್ಯಾರ್ಥಿಗಳನ್ನು ಪ್ರಶ್ನಿಸಲಾಗಿ, ನೂರಕ್ಕೆ 8.5 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಉಪಯೋಗಿಸುತ್ತಿರುವುದು ತಿಳಿದುಬಂದಿತು. ಹುಡುಗರಲ್ಲಿ ಇದು 9.6, ಹುಡುಗಿಯರಲ್ಲಿ 7.4. ಹೆಣ್ಣುಮಕ್ಕಳ ತಂದೆತಾಯಿಗಳು ಈ ಲೇಖನವನ್ನು ಪಕ್ಕಕ್ಕಿಡಬಾರದೆಂದು ಈ ಎರಡನೆಯ ಅಂಕಿಯನ್ನು ಬೇಕೆಂದೇ ಬರೆದಿದ್ದೇವೆ. ಆದರೆ ಆ ಸಮೀಕ್ಷೆಯಲ್ಲಿ ನಮ್ಮನ್ನು ಬೆಚ್ಚಿಬೀಳಿಸಿದುದು ಬೇರೆಯ ಸಂಗತಿ. ಸಿಗರೇಟಿನ ರುಚಿ ನೋಡಿದ್ದ ಮಕ್ಕಳಲ್ಲಿ ನೂರಕ್ಕೆ 38 ಮಂದಿಯೂ, ಬೀಡಿಯ ರುಚಿ ನೋಡಿದ್ದವರಲ್ಲಿ 47 ಮಂದಿಯೂ, ಅಗಿಯುವ ತಂಬಾಕನ್ನು ಬಾಯಿಗೆ ಹಾಕಿದ್ದವರಲ್ಲಿ 52 ಮಂದಿಯೂ ಹತ್ತು ವರ್ಷ ತುಂಬುವುದಕ್ಕೆ ಮೊದಲೇ ಆ ಕೆಲಸವನ್ನು ಮಾಡಿದ್ದರು. ಹತ್ತು ವರ್ಷವೆಂದರೆ ಮೀಸೆಯ ಮಾತಿರಲಿ, ಹಾಲುಹಲ್ಲುಗಳೇ ಪೂರ್ತಿ ಬಿದ್ದಿರುವುದಿಲ್ಲ! ಪ್ರೌಢಶಾಲೆಯಲ್ಲಿ ವರ್ಷಕ್ಕೊಂದು ದಿನ ವೈದ್ಯರನ್ನು ಕರೆಸಿ ಭಾಷಣ ಮಾಡಿಸುವ ಪದ್ಧತಿಯುಂಟಷ್ಟೆ. ಆ ಭಾಷಣವನ್ನು ಕೇಳುವ ಹುಡುಗರಲ್ಲಿ ಕೆಲವರು ಆ ಹೊತ್ತಿಗೆ ಹಳಬರಾಗಿಬಿಟ್ಟಿರುತ್ತಾರೆ.

ಧೂಮಪಾನವೆಂಬ ಶಬ್ದವು ಸಂಸ್ಕೃತದಲ್ಲಿರುವುದನ್ನು ನೋಡಿ, ಇದು ನಮ್ಮ ಪೂರ್ವಿಕರ ಸಂಪ್ರದಾಯವೇ ಎಂದು ವಾದಿಸಿದ ಜಾಣರನ್ನೂ ನಾವು ಕಂಡಿದ್ದೇವೆ. ಶಬ್ದವಿರುವುದು ದಿಟ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಧೂಮವರ್ತಿಯ ಪ್ರಸ್ತಾಪವಿದೆ. ಏಲಕ್ಕಿ, ಚಂದನ, ಲಾವಂಚ ಮುಂತಾದ ದ್ರವ್ಯಗಳನ್ನು ಅರೆದು, ಜೊಂಡಿನ ಕಡ್ಡಿಗೆ ಮೆತ್ತಿ, ಒಣಗಿದ ಮೇಲೆ ಕಡ್ಡಿಯನ್ನು ತೆಗೆದು, ತುಪ್ಪ ಸವರಿ ಉರಿಸಿ ಸೇದತಕ್ಕ ಔಷಧವದು. ಅದಕ್ಕೆ ಕಾಲನಿಯಮ, ಪ್ರಮಾಣನಿಯಮ, ನಿಷೇಧಗಳು ಬೇಕಾದಷ್ಟುಂಟು. ಕನ್ನಡದ ‘ಹೊಗೆಬತ್ತಿ’ಯೂ ಅದೇ ಅರ್ಥದ ಮಾತು. ಆದರೆ ಈ ದ್ರವ್ಯಗಳ ಪಟ್ಟಿಯಲ್ಲಿ ತಂಬಾಕಿಲ್ಲ, ಇರುವುದಕ್ಕೆ ಸಾಧ್ಯವೂ ಇಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರ ಹಡಗಿನಲ್ಲಿ ಇತ್ತ ಬಂದುದು. ಇದಕ್ಕಿಂತ ಸ್ವಾರಸ್ಯವಾದ ಮಾತು ವಾಗ್ಭಟನ ಅಷ್ಟಾಂಗಹೃದಯದಲ್ಲಿದೆ. ಔಷಧರೂಪವಾದ ಆ ಹೊಗೆಯನ್ನು ಸಹ ಹದಿನೆಂಟು ವರ್ಷ ತುಂಬದವನಿಗೆ ಕೊಡಬಾರದೆಂದು ಆ ಆಚಾರ್ಯನು ವಿಧಿಸಿದ್ದಾನೆ. 2003ರಲ್ಲಿ ನಮ್ಮ ಪಾರ್ಲಿಮೆಂಟು ತಂಬಾಕಿನ ಕಾಯಿದೆಯನ್ನು ಮಾಡಿ, ಹದಿನೆಂಟು ತುಂಬದವರಿಗೆ ಸಿಗರೇಟು ಮಾರಕೂಡದೆಂದು ಬರೆದಾಗ ಸದಸ್ಯರಲ್ಲಿ ಯಾರಾದರೂ ವಾಗ್ಭಟನನ್ನು ಓದಿದ್ದರೋ ಇಲ್ಲವೋ, ಇಬ್ಬರೂ ಒಂದೇ ಗೆರೆಯನ್ನು ಎಳೆದಿರುವುದು ಮಾತ್ರ ನಿಜ.

ತಂಬಾಕು ಉತ್ತರದೇಶದ ದೊರೆಗಳ ಆಸ್ಥಾನವನ್ನು ಹೊಕ್ಕಿದ್ದು ನಮ್ಮ ಬಿಜಾಪುರದ ಮಾರ್ಗವಾಗಿ ಎಂಬುದನ್ನು ಓದುಗರಲ್ಲಿ ಹಲವರು ಕೇಳಿರಲಾರರು. ಅಕ್ಬರ್ ಬಾದಶಹನು ತನ್ನ ಅಸದ್ ಬೇಗ್ ಎಂಬ ಅಧಿಕಾರಿಯನ್ನು ಆದಿಲಶಾಹಿ ರಾಜಧಾನಿಗೆ ರಾಯಭಾರಿಯಾಗಿ ಕಳುಹಿಸಿದ್ದನು. ಆತನು ಸುಮಾರು 1604ರಲ್ಲಿ ಹಿಂದಿರುಗುವಾಗ ಅಲ್ಲಿ ಕಂಡ ಈ ಹೊಸ ಎಲೆಯನ್ನೂ, ರತ್ನಖಚಿತವಾದ ಒಂದು ಕೊಳವೆಯನ್ನೂ ಕೊಂಡೊಯ್ದು ಆಗ್ರಾದಲ್ಲಿ ಒಪ್ಪಿಸಿದನು. ಬಾದಶಹನು ಕುತೂಹಲದಿಂದ ಎರಡು ಮೂರು ಸಲ ಎಳೆದನು. ರಾಜವೈದ್ಯನು ಕಂಗಾಲಾಗಿ, ಪರೀಕ್ಷೆಮಾಡದ ವಸ್ತುವನ್ನು ಸೇವಿಸಲಾಗದೆಂದು ತಡೆದನು, ಬಾದಶಹನೂ ಮುಂದುವರಿಸಲಿಲ್ಲ. ಆದರೆ ಅಷ್ಟರಲ್ಲಿ ಆಗಬೇಕಾದುದು ಆಗಿಹೋಗಿತ್ತು. ಆಸ್ಥಾನದ ಶ್ರೀಮಂತರೆಲ್ಲ ತಮಗೂ ಬೇಕೆಂದರು. ವರ್ತಕರು ತರಿಸಿ ಮಾರಲಾರಂಭಿಸಿದರು. ಹದಿಮೂರು ವರ್ಷಗಳ ತರುವಾಯ, 1617ರಲ್ಲಿ, ಜಹಾಂಗೀರನು ಇದನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನಂತೆ. ಆಜ್ಞೆ ಎಲ್ಲಿಯೋ ಹೋಯಿತು, ಹೊಗೆ ನಿಂತಿತು. ಆ ಶ್ರೀಮಂತರು ಸೇದಲಾರಂಭಿಸಿದುದು ರುಚಿಯನ್ನು ಕಂಡಲ್ಲ. ತಮಗಿಂತ ದೊಡ್ಡವನ ತುಟಿಯ ಮೇಲೆ ಅದನ್ನು ಕಂಡಿದ್ದರು, ಅಷ್ಟೆ. ಗಡ್ಡ ಬಂದವರ ಗತಿಯೇ ಹೀಗಾದರೆ ಹದಿಮೂರು ವರ್ಷದ ಹುಡುಗನನ್ನು ಏನೆನ್ನೋಣ!

ಹುಡುಗನ ಪಾಲಿಗೆ ಬಾದಶಹನೆಂದರೆ ಅವನ ತಂದೆ, ಚಿಕ್ಕಪ್ಪ, ಸೋದರಮಾವ. ನಮ್ಮ ಹಳ್ಳಿಗಳ ಕಡೆ ಅಜ್ಜನು ಜಗಲಿಯ ಮೇಲೆ ಕುಳಿತು, “ಮಗೂ, ಈ ಬೀಡಿ ಹಚ್ಚಿಕೊಂಡು ಬಾರಪ್ಪ” ಎಂದು ಮೊಮ್ಮಗನನ್ನು ಒಲೆಯ ಬಳಿಗೆ ಕಳುಹಿಸುವುದುಂಟು. ಬೀಡಿಯ ಸ್ವಭಾವವನ್ನು ಬಲ್ಲವರು ಬಲ್ಲರು. ಎಳೆಯದಿದ್ದರೆ ಅದು ಕ್ಷಣಮಾತ್ರದಲ್ಲಿ ಆರಿಹೋಗುತ್ತದೆ. ಅಡಿಗೆಮನೆಯಿಂದ ಜಗಲಿಗೆ ಬರುವಷ್ಟರಲ್ಲಿ ಅದು ಆರದಂತೆ ನೋಡಿಕೊಳ್ಳಬೇಕಾದರೆ ಹುಡುಗನು ತಾನೇ ಒಂದೆರಡು ಸಲ ಎಳೆಯಬೇಕು. ಎಳೆಯುತ್ತಾನೆ. ಅದನ್ನು ನೋಡಿ ಮನೆಯವರು ನಗುತ್ತಾರೆ. ಹತ್ತು ತುಂಬುವ ಮೊದಲೇ ಬೀಡಿಯ ರುಚಿ ಕಂಡವರ ಲೆಕ್ಕವನ್ನು ಓದಿದಾಗ ನಮಗೆ ನೆನಪಾದುದು ಈ ಚಿತ್ರ. ಪೇಟೆಯಲ್ಲಿ ಒಲೆಯ ಕೆಂಡವಿಲ್ಲ. ಅದಕ್ಕೆ ಬದಲಾಗಿ ಗೂಡಂಗಡಿಯ ಕಂಬಕ್ಕೆ ಕಟ್ಟಿದ, ತುದಿಯಲ್ಲಿ ಸದಾ ಕೆಂಪಗೆ ಉರಿಯುತ್ತಿರುವ ತೆಂಗಿನ ನಾರಿನ ಹಗ್ಗವಿದೆ. ಒಬ್ಬ ಮನುಷ್ಯನು ಒಂದೇ ಒಂದು ಸಿಗರೇಟನ್ನು ಕೊಂಡು, ಬೆಂಕಿಕಡ್ಡಿಯ ಖರ್ಚೂ ಇಲ್ಲದೆ ಹಚ್ಚಿಕೊಂಡು ಹೋಗುವಂತೆ ಮಾಡಿದ ಈ ಏರ್ಪಾಡನ್ನು ಯಾರು ಕಂಡುಹಿಡಿದರೋ ತಿಳಿಯದು. ಪೊಟ್ಟಣವನ್ನೇ ಕೊಳ್ಳಬೇಕಾಗಿದ್ದರೆ ಶಾಲೆಯ ಹುಡುಗನ ಜೇಬು ಅದಕ್ಕೆ ಸಾಲುತ್ತಿರಲಿಲ್ಲ. ಪೊಟ್ಟಣವನ್ನು ಮನೆಯಲ್ಲಿ ಬಚ್ಚಿಡುವ ಸ್ಥಳವೂ ಅವನಿಗಿರುತ್ತಿರಲಿಲ್ಲ. ಅಲ್ಲದೆ, ಪೊಟ್ಟಣದ ಮೇಲೆ ಸರ್ಕಾರದವರು ಅಚ್ಚುಹಾಕಿಸುವ ಭಯಂಕರ ಚಿತ್ರವಾದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಬಿಡಿಯಾಗಿ ಕೊಂಡ ಸಿಗರೇಟಿಗೆ ಚಿತ್ರವೂ ಇಲ್ಲ, ಸಾಕ್ಷಿಯೂ ಇಲ್ಲ.

ಕಳೆದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಈಗ ಆತನಿಗೆ ನಲವತ್ತು ದಾಟಿದೆ, ಒಳ್ಳೆಯ ವ್ಯಾಪಾರಸ್ಥ. “ಮೇಷ್ಟ್ರೇ, ನನ್ನ ಮಗನಿಗೆ ನೀವೇ ಸ್ವಲ್ಪ ಬುದ್ಧಿ ಹೇಳಬೇಕು. ಪುಸ್ತಕದ ಚೀಲದಲ್ಲಿ ಸಿಗರೇಟು ಸಿಕ್ಕಿತು. ನಾನು ಹೊಡೆದೂ ಆಯಿತು, ಬೈದೂ ಆಯಿತು” ಎಂದನು. ಹಾಗೆ ಹೇಳುವಾಗ ಆತನ ಅಂಗಿಯ ಜೇಬಿನಲ್ಲಿ ಪೊಟ್ಟಣವು ಎದ್ದು ಕಾಣುತ್ತಿತ್ತು. ನಾವು ಅತ್ತ ನೋಡಿದುದನ್ನು ಕಂಡು ಆತನು ಕೈಯಿಂದ ಮುಚ್ಚಿಕೊಂಡನು. ಮರುದಿನ ಹುಡುಗನೊಬ್ಬನೇ ಬಂದನು. ಒಂಬತ್ತನೆಯ ತರಗತಿ, ಹದಿನಾಲ್ಕು ವರ್ಷ, ಸಭ್ಯನಾದ ಹುಡುಗ. ಬುದ್ಧಿ ಹೇಳುವುದಕ್ಕೆ ಬದಲು ನಾವು ಪ್ರಶ್ನೆ ಕೇಳಿದೆವು. ಎಂಟೊಂಬತ್ತು ವರ್ಷದವನಾಗಿದ್ದಾಗಿನಿಂದ ತಂದೆಯ ಸಿಗರೇಟನ್ನು ಬೀದಿಯ ಕೊನೆಯ ಅಂಗಡಿಯಿಂದ ತರುತ್ತಿದ್ದುದು ಅವನೇ. ಅಂಗಡಿಯವನು “ಅಪ್ಪನಿಗಾ?” ಎಂದು ಕೇಳಿ ಕೊಡುತ್ತಿದ್ದನು. ಹದಿಮೂರನೆಯ ವಯಸ್ಸಿನಲ್ಲಿಯೂ ಅಂಗಡಿಯವನು ಅದನ್ನೇ ಕೇಳಿದನು, ಹುಡುಗನು ತಲೆಯಾಡಿಸಿದನು. ಅಷ್ಟೇ ವ್ಯತ್ಯಾಸ! ನೀರಿನ ಟ್ಯಾಂಕಿನ ಹಿಂದೆ ನಾಲ್ವರು ಗೆಳೆಯರು ಒಂದನ್ನೇ ಹಂಚಿಕೊಂಡು ಎಳೆದರು. ಇವನು ಕೆಮ್ಮಿದನು, ಉಳಿದವರು ನಕ್ಕರು. ಎರಡನೆಯ ಸಲ ಸೇದಿದುದು ಆ ನಗುವನ್ನು ನಿಲ್ಲಿಸುವುದಕ್ಕಾಗಿ.

“ಅದು ಬೇಕೇಬೇಕೆಂದು ನಿನಗೆ ಅನ್ನಿಸಲಾರಂಭಿಸಿದುದು ಯಾವಾಗ?” ಎಂದು ಕೇಳಿದೆವು.

“ಒಟ್ಟು ಹತ್ತು ಕೂಡ ಸೇದಿರಲಿಲ್ಲ ಸಾರ್. ಗಣಿತದ ಪಿರಿಯಡ್ಡಿನಲ್ಲಿ ಅದೇ ಜ್ಞಾಪಕ ಬರುತ್ತಿತ್ತು.”

“ಬಿಡಲು ನೋಡಿದೆಯೇನಪ್ಪ?”

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದನು: “ಬೇಸಿಗೆ ರಜದಲ್ಲಿ ಅಜ್ಜಿಯ ಮನೆಯಲ್ಲಿ ಎರಡು ದಿವಸ ಬಿಟ್ಟಿದ್ದೆ. ಮೂರನೆಯ ದಿವಸ ಅಜ್ಜಿ ಊಟಕ್ಕೆ ಕರೆದರು. ಯಾಕೋ ರೇಗಿಹೋಯಿತು ಸಾರ್, ತಟ್ಟೆ ಎಸೆದುಬಿಟ್ಟೆ. ಅಜ್ಜಿ ಏನೂ ಅನ್ನಲಿಲ್ಲ, ಅನ್ನ ಬಳಿದುಕೊಂಡು ಹೋದರು. ನಾನು ಯಾಕೆ ಹಾಗೆ ಮಾಡಿದೆನೋ ನನಗೇ ಗೊತ್ತಿಲ್ಲ.” ಇಷ್ಟು ಹೇಳಿ ಹುಡುಗನು ಅತ್ತುಬಿಟ್ಟನು.

ಅವನಿಗೆ ಗೊತ್ತಿಲ್ಲದಿದ್ದ ಕಾರಣವು ಶಾಸ್ತ್ರಜ್ಞರಿಗೆ ಗೊತ್ತಿದೆ. ತಂಬಾಕಿನ ಎಲೆಯಲ್ಲಿ ನಿಕೋಟಿನ್ ಎಂಬ ದ್ರವ್ಯವಿದೆ. ಪೋರ್ಚುಗಲ್ಲಿಗೆ ಫ್ರಾನ್ಸಿನ ರಾಯಭಾರಿಯಾಗಿದ್ದು, ಸುಮಾರು 1560ರಲ್ಲಿ ತನ್ನ ದೇಶಕ್ಕೆ ಈ ಎಲೆಯನ್ನು ಕಳುಹಿಸಿದ ಜಾನ್ ನಿಕೋ ಎಂಬಾತನ ಹೆಸರು ಅದಕ್ಕಂಟಿಕೊಂಡಿತು. ಅದನ್ನು ಎಲೆಯಿಂದ ಬೇರ್ಪಡಿಸಿದವರು 1828ರಲ್ಲಿ ಜರ್ಮನಿಯ ಇಬ್ಬರು ವಿದ್ವಾಂಸರು. ಹೊಗೆಯ ಮೂಲಕ ಶ್ವಾಸಕೋಶಕ್ಕೆ ಹೋದ ನಿಕೋಟಿನ್ನು ರಕ್ತದೊಡನೆ ಸೇರಿ ಹತ್ತಿಪ್ಪತ್ತು ಸೆಕೆಂಡುಗಳೊಳಗಾಗಿ ಮಿದುಳನ್ನು ಮುಟ್ಟುತ್ತದೆ. ಮಿದುಳಿನ ಜೀವಕಣಗಳು ಪರಸ್ಪರ ಸಂದೇಶ ಕಳುಹಿಸಿಕೊಳ್ಳುವುದಕ್ಕೆ ಅಸಿಟೈಲ್‌ಕೋಲಿನ್ ಎಂಬ ಸ್ವಂತ ದೂತನುಂಟು. ಆ ದೂತನು ಪ್ರವೇಶಿಸುವುದಕ್ಕೆ ಬಾಗಿಲುಗಳೂ ಉಂಟು. ನಿಕೋಟಿನ್ನಿನ ಆಕಾರವು ಆ ಬಾಗಿಲುಗಳಿಗೆ ಕಳ್ಳಬೀಗದಕೈಯಂತೆ ಸರಿಹೊಂದುತ್ತದೆ. ಬಾಗಿಲು ತೆರೆದೊಡನೆ ಡೋಪಮೈನ್ ಎಂಬ ರಸವು ಸ್ರವಿಸುತ್ತದೆ. ಹಸಿದಾಗ ಉಂಡ ತೃಪ್ತಿ, ಗೆದ್ದಾಗಿನ ಹಿಗ್ಗು ಇವುಗಳಲ್ಲಿ ಕೆಲಸಮಾಡುವ ರಸವೇ ಅದು. ‘ಇದು ಒಳ್ಳೆಯದು, ಮತ್ತೆ ಮಾಡು’ ಎಂಬ ಪಾಠವನ್ನು ಮಿದುಳಿಗೆ ಕಲಿಸತಕ್ಕ ಉಪಾಧ್ಯಾಯನೆಂದರೂ ಸಲ್ಲುತ್ತದೆ. ಒಂದು ಸಿಗರೇಟಿಗೆ ಹತ್ತು ಸಲ ಎಳೆಯುತ್ತಾನೆಂದಿಟ್ಟುಕೊಂಡರೆ, ದಿನಕ್ಕೆ ಇಪ್ಪತ್ತು ಸೇದುವವನಿಗೆ ಇನ್ನೂರು ಸಲ ಪಾಠವಾಯಿತು. ಯಾವ ಪಾಠಶಾಲೆಯಲ್ಲಿಯೂ ಇಷ್ಟು ಆವೃತ್ತಿ ಮಾಡಿಸಿದುದನ್ನು ನಾವು ಕಾಣೆವು.

ಇಷ್ಟಕ್ಕೇ ನಿಲ್ಲುವುದಿಲ್ಲ. ಕಳ್ಳಬೀಗದಕೈಯ ಕಾಟಕ್ಕೆ ಮಿದುಳು ಬಾಗಿಲುಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿ ಸೇರಿದ ನಿಕೋಟಿನ್ನಿನಲ್ಲಿ ಸುಮಾರು ಎರಡು ಘಂಟೆಗಳೊಳಗೆ ಅರ್ಧ ಇಳಿದುಹೋಗುತ್ತದೆ. ಹೆಚ್ಚಿದ ಬಾಗಿಲುಗಳು ತೆರೆಯುವವರಿಲ್ಲದೆ ನಿಂತಾಗ ಮನುಷ್ಯನಿಗೆ ಚಡಪಡಿಕೆ, ಸಿಡುಕು, ಮನಸ್ಸು ನಿಲ್ಲದಿರುವುದು, ನಿದ್ರೆ ಕೆಡುವುದು ಇವೆಲ್ಲ ಆಗುತ್ತವೆ. ಬಿಟ್ಟ ಎರಡು ಮೂರನೆಯ ದಿವಸ ಇವು ಅತ್ಯಂತ ಪ್ರಬಲವಾಗಿರುತ್ತವೆ. ಅಜ್ಜಿಯ ಮನೆಯಲ್ಲಿ ತಟ್ಟೆ ಎಸೆದುದು ಆ ಮೂರನೆಯ ದಿವಸ. ಆಗ ಒಂದು ಸಿಗರೇಟು ಸಿಕ್ಕಿದ್ದರೆ ಹುಡುಗನು ಶಾಂತನಾಗುತ್ತಿದ್ದನು. ‘ಸಿಗರೇಟು ನನ್ನ ಮನಸ್ಸಿಗೆ ಸಮಾಧಾನ ಕೊಡುತ್ತದೆ’ ಎಂದೂ ನಂಬುತ್ತಿದ್ದನು. ದೊಡ್ಡವರೂ ಹೀಗೆಯೇ ನಂಬಿದ್ದಾರೆ. ರಾತ್ರಿ ಮನೆಗೆ ಕನ್ನ ಹಾಕಿದವನೇ ಬೆಳಗ್ಗೆ ಬಂದು ಗೋಡೆಯನ್ನು ಮೆತ್ತಿಕೊಟ್ಟು ಕೂಲಿ ಕೇಳಿದರೆ ನಾವು ಅವನನ್ನು ಉಪಕಾರಿಯೆನ್ನುತ್ತೇವೆಯೆ?

ಹತ್ತು ಸಿಗರೇಟಿನೊಳಗೇ ಬಯಕೆ ಹುಟ್ಟಿತೆಂದು ಹುಡುಗನು ಹೇಳಿದುದನ್ನು ಕೆಲವರು ನಂಬಲಾರರು. ವರ್ಷಗಟ್ಟಲೆ ಸೇದಿದ ಮೇಲಲ್ಲವೆ ಚಟವಾಗುವುದೆಂದು ವೈದ್ಯರೂ ಹಿಂದೆ ಎಣಿಸಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಡಾ. ಜೋಸೆಫ್ ಡಿಫ್ರಾಂಜ ಎಂಬ ವೈದ್ಯರೂ ಅವರ ಸಂಗಡಿಗರೂ ಹನ್ನೆರಡು ಹದಿಮೂರು ವರ್ಷದ 681 ಶಾಲಾಮಕ್ಕಳನ್ನು ಅನುಸರಿಸಿ ನೋಡಿ, 2000ದಲ್ಲಿ ಪ್ರಕಟಿಸಿದ ಫಲಿತಾಂಶವು ಈ ಎಣಿಕೆಯನ್ನು ಬುಡಮೇಲು ಮಾಡಿತು. ಪ್ರತಿದಿನವೂ ಸೇದದೆ, ಆಗೊಮ್ಮೆ ಈಗೊಮ್ಮೆ ಸೇದುತ್ತಿದ್ದ ಮಕ್ಕಳಲ್ಲಿಯೇ, ಆರಂಭಿಸಿದ ಕೆಲವು ವಾರಗಳೊಳಗೆ, ಕೆಲವರಲ್ಲಿ ಕೆಲವೇ ದಿನಗಳೊಳಗೆ, ಪರಾಧೀನತೆಯ ಚಿಹ್ನೆಗಳು ಕಾಣಿಸಿಕೊಂಡಿದ್ದವು. 2018ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದವರು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಲಾಗಿ, ಒಂದು ಸಿಗರೇಟನ್ನು ಸೇದಿ ನೋಡಿದವರಲ್ಲಿ ಸುಮಾರು ಮೂರರಲ್ಲೆರಡು ಪಾಲು ಜನರು ಕೆಲವು ಕಾಲವಾದರೂ ದಿನನಿತ್ಯ ಸೇದುವವರಾಗಿದ್ದರೆಂದು ಕಂಡುಬಂತು. ‘ಒಂದೇ ಒಂದು, ರುಚಿ ನೋಡೋಣ’ ಎಂಬ ಮಾತಿನ ಬೆಲೆ ಇಷ್ಟು.

ಮಕ್ಕಳ ಮಿದುಳೇ ಇದಕ್ಕೆ ಇಷ್ಟು ಬೇಗ ವಶವಾಗುವುದೇಕೆ? ಕಠೋಪನಿಷತ್ತಿನಲ್ಲಿ ಬರುವ ರಥದ ರೂಪಕವನ್ನು ನಮ್ಮ ಓದುಗರು ಬಲ್ಲರು: ಇಂದ್ರಿಯಗಳೇ ಕುದುರೆಗಳು, ಮನಸ್ಸೇ ಲಗಾಮು, ಬುದ್ಧಿಯೇ ಸಾರಥಿ. ಈಗಿನ ಮಿದುಳಿನ ಶಾಸ್ತ್ರವು ಹೇಳುವುದನ್ನು ಆ ಮಾತಿನಲ್ಲಿಯೇ ಹೇಳುವುದಾದರೆ, ಹದಿಹರೆಯದಲ್ಲಿ ಕುದುರೆಗಳು ಪೂರ್ಣವಾಗಿ ಬಲಿತಿರುತ್ತವೆ. ಸಾರಥಿಯು ಇನ್ನೂ ವಿದ್ಯಾರ್ಥಿ. ಸುಖವನ್ನು ಅರಸುವ ಭಾಗಗಳು ಮೊದಲು ಬೆಳೆಯುತ್ತವೆ. ಮುಂದಾಲೋಚನೆ ಮಾಡಿ ತಡೆಯತಕ್ಕ, ಹಣೆಯ ಹಿಂಬದಿಯ ಭಾಗವು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೆ ಪಕ್ವವಾಗುತ್ತಲೇ ಇರುತ್ತದೆ. ಆದುದರಿಂದ ‘ಮುಂದೆ ಐವತ್ತನೆಯ ವಯಸ್ಸಿನಲ್ಲಿ ನಿನಗೆ ಅರ್ಬುದರೋಗ ಬಂದೀತು’ ಎಂದು ಹದಿನಾಲ್ಕರ ಹುಡುಗನಿಗೆ ಹೆದರಿಸಿದರೆ ಅವನು ಹೆದರುವುದಿಲ್ಲ. ಐವತ್ತು ವರ್ಷವೆಂಬುದು ಅವನಿಗೆ ದ್ವಾಪರಯುಗದಷ್ಟು ದೂರ. ಆಟದಲ್ಲಿ ಓಡುವಾಗ ದಮ್ಮು ಕಟ್ಟುವುದನ್ನು ತೋರಿಸಿದರೆ, ಬಾಯಿಯ ವಾಸನೆಯನ್ನು ಹೇಳಿದರೆ, ‘ನಿನ್ನ ಕೈಕಾಸು ಯಾರ ಪೆಟ್ಟಿಗೆಗೆ ಹೋಗುತ್ತಿದೆ ಬಲ್ಲೆಯಾ?’ ಎಂದು ಕೇಳಿದರೆ ಹೆಚ್ಚು ತಗುಲುತ್ತದೆ. ಇದು ಪಾಠಹೇಳಿದ ಅನುಭವದಿಂದ ಹೇಳುವ ಮಾತು.

ಪೆಟ್ಟಿಗೆಯ ಒಡೆಯರ ಮಾತು ಬಂದುದರಿಂದ ಅವರ ವಿಷಯವನ್ನೂ ಎರಡು ಮಾತು ಹೇಳಬೇಕು. ಚುಟ್ಟಾದ ಹೊಗೆಯು ಕ್ಷಾರಗುಣವುಳ್ಳದ್ದು, ಗಂಟಲನ್ನು ಸುಡುತ್ತದೆ. ಅದನ್ನು ಬಾಯಿಯಲ್ಲಿಯೇ ಆಡಿಸಿ ಬಿಡುತ್ತಾರೆ. ನಮ್ಮ ಹುಣಸೂರು ಪಿರಿಯಾಪಟ್ಟಣಗಳ ಕಡೆ ಬೆಳೆದು ಬ್ಯಾರನ್ ಮನೆಗಳ ಬಿಸಿಯಲ್ಲಿ ಹದಮಾಡುವ ವರ್ಜೀನಿಯಾ ಎಲೆಯ ಹೊಗೆಯು ಮೃದು, ತುಸು ಆಮ್ಲಗುಣವುಳ್ಳದ್ದು. ಆದಕಾರಣ ಎಳೆಯ ಗಂಟಲೂ ಅದನ್ನು ಶ್ವಾಸಕೋಶದ ತಳದವರೆಗೆ ಸೆಳೆದುಕೊಳ್ಳಬಲ್ಲುದು. ಸಿಗರೇಟು ಹೊಸಬರಿಗೆ ಒಗ್ಗುವುದರ ಗುಟ್ಟು ಇದರಲ್ಲಿದೆ. (ಬೆಳೆಗಾರನನ್ನು ನಾವು ದೂರುತ್ತಿಲ್ಲ, ಬೇರೆ ಬೆಳೆಗೆ ಅಂಥದೇ ಹರಾಜುಕಟ್ಟೆಯೂ ಬೆಲೆಯೂ ದೊರೆತ ದಿನ ಅವನೂ ಬಿಟ್ಟಾನು.) ಕರ್ಪೂರದಂತೆ ತಂಪಾದ ಮೆಂಥಾಲನ್ನೂ ಹಣ್ಣಿನ ಪರಿಮಳವನ್ನೂ ಬೆರೆಸುವುದು ಯಾರ ಸಲುವಾಗಿ? ನಲವತ್ತು ವರ್ಷ ಬೀಡಿ ಸೇದಿದ ಗಂಟಲು ಅದನ್ನು ಕೇಳುವುದಿಲ್ಲ. ಅಮೆರಿಕದ ಒಂದು ಕಂಪೆನಿಯು 1988ರಿಂದ 1997ರವರೆಗೆ ಒಂಟೆಯ ಮುಖದ ವಿನೋದದ ಚಿತ್ರವೊಂದನ್ನು ತನ್ನ ಸಿಗರೇಟಿನ ಜಾಹೀರಾತಿಗಾಗಿ ನಡೆಸಿತು. 1991ರಲ್ಲಿ ವೈದ್ಯರು ಪರೀಕ್ಷಿಸಿದಾಗ ಆರು ವರ್ಷದ ಮಕ್ಕಳು ಮಿಕ್ಕಿ ಮೌಸ್ ಎಂಬ ಇಲಿಯನ್ನು ಗುರುತಿಸುವಷ್ಟೇ ಚೆನ್ನಾಗಿ ಆ ಒಂಟೆಯನ್ನೂ ಗುರುತಿಸಿದರು. ತರುವಾಯ ನ್ಯಾಯಾಲಯಗಳ ಮೂಲಕ ಆ ದೇಶದ ಕಂಪೆನಿಗಳ ಒಳಗಿನ ಕಾಗದಪತ್ರಗಳು ಬಯಲಿಗೆ ಬಂದಾಗ, ಹದಿಹರೆಯದವರನ್ನು ಮುಂದಿನ ಗಿರಾಕಿಗಳೆಂದು ಅವರು ಎಣಿಸಿಟ್ಟಿದ್ದುದೂ ತಿಳಿಯಿತು. ಹಳೆಯ ಗಿರಾಕಿಗಳಲ್ಲಿ ಕೆಲವರು ಬಿಡುತ್ತಾರೆ, ಹಲವರು ಸಾಯುತ್ತಾರೆ. ಖಾಲಿಯಾದ ಸ್ಥಳಕ್ಕೆ ಎಳೆಯರು ಬಾರದಿದ್ದರೆ ಅಂಗಡಿ ನಡೆಯಬೇಕಲ್ಲ! ನಮ್ಮ ದೇಶದಲ್ಲಿ ಇಂಥ ಜಾಹೀರಾತುಗಳನ್ನು 2004ರಿಂದ ತಡೆದಿದ್ದಾರೆ. ಸಿನೆಮಾದ ನಾಯಕನ ಬೆರಳನ್ನು ತಡೆಯುವುದು ಕಷ್ಟವಾಯಿತು. ದೆಹಲಿಯ 12 ಶಾಲೆಗಳ ಸುಮಾರು ನಾಲ್ಕು ಸಾವಿರ ಮಕ್ಕಳನ್ನು ವಿಚಾರಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂದೀ ಚಿತ್ರಗಳಲ್ಲಿ ಧೂಮಪಾನವನ್ನು ಹೆಚ್ಚಾಗಿ ನೋಡಿದ್ದ ಮಕ್ಕಳು ಕಡಿಮೆ ನೋಡಿದವರಿಗಿಂತ ಎರಡುಪಟ್ಟಿಗೂ ಹೆಚ್ಚಾಗಿ ತಂಬಾಕಿಗೆ ಕೈಹಾಕಿದ್ದರು. ತೆರೆಯ ಮೂಲೆಯಲ್ಲಿ ಎಚ್ಚರಿಕೆಯ ಅಕ್ಷರಗಳು ಓಡುತ್ತವೆ. ಹುಡುಗರು ನೋಡುವುದು ಅಕ್ಷರವನ್ನಲ್ಲ.

ಕಾನೂನಿಗೆ ಕೊರತೆಯಿಲ್ಲ. 2015ರ ಬಾಲನ್ಯಾಯದ ಕಾಯಿದೆಯ ಪ್ರಕಾರ ಮಗುವಿಗೆ ತಂಬಾಕು ಕೊಟ್ಟವನಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ವಿದ್ಯುತ್ತಿನ ಸಿಗರೇಟನ್ನು 2019ರಲ್ಲಿ ದೇಶದಾದ್ಯಂತ ನಿಷೇಧಿಸಿದರು. ಬರೆಯುವ ಲೇಖನಿಯ ಆಕಾರದಲ್ಲಿ ಅದು ಇನ್ನೂ ಗುಟ್ಟಾಗಿ ಕೈಸೇರುವುದುಂಟೆಂದು ತಾಯಂದಿರು ತಿಳಿದಿರಬೇಕು. ನಮ್ಮ ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಮೂಲಕ ಮಾರಾಟದ ವಯೋಮಿತಿಯನ್ನು ಇಪ್ಪತ್ತೊಂದಕ್ಕೆ ಏರಿಸಿ, ಬಿಡಿಯಾಗಿ ಮಾರುವುದನ್ನೂ ವಿದ್ಯಾಸಂಸ್ಥೆಗಳ 100 ಮೀಟರಿನೊಳಗೆ ಮಾರುವುದನ್ನೂ ಹುಕ್ಕಾ ಬಾರುಗಳನ್ನೂ ನಿಷೇಧಿಸಿದ್ದಾರೆ. 2025ರಲ್ಲಿ ಅದಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ಆದರೂ ನಾರಿನ ಹಗ್ಗಗಳು ಉರಿಯುತ್ತಲೇ ಇವೆ. “ಅಪ್ಪನಿಗಾ?” ಎಂಬ ಪ್ರಶ್ನೆಗೆ ಎಡೆಯಿರುವವರೆಗೂ ಅಂಗಡಿಯವನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಉಪದೇಶಮಾಡುವವರ ವಿಷಯದಲ್ಲಿ ಮಕ್ಕಳ ಕಣ್ಣು ಬಹಳ ಚುರುಕು. ನಾವು ಓದಿದ ಪಾಠಶಾಲೆಯಲ್ಲಿ ಪಂಡಿತರೊಬ್ಬರಿದ್ದರು. ಬೀಡಿ ಸೇದಿದ ವಿದ್ಯಾರ್ಥಿಗೆ ಅವರು ಛಡಿಯೇಟು ಕೊಟ್ಟು, ಆಯಾಸ ಪರಿಹಾರಕ್ಕಾಗಿ ಸೊಂಟದಿಂದ ನಶ್ಯದ ಡಬ್ಬಿಯನ್ನು ತೆಗೆದು ಒಂದು ಚಿಟಿಕೆ ಏರಿಸುತ್ತಿದ್ದರು. ಎರಡೂ ಒಂದೇ ಗಿಡದ ಎಲೆಯೆಂದು ತರಗತಿಯಲ್ಲಿ ಎಲ್ಲರಿಗೂ ತಿಳಿದಿತ್ತು, ಅವರೊಬ್ಬರ ಹೊರತು. ಇದನ್ನು ನಮ್ಮ ಶಿಷ್ಯನಿಗೆ ಹೇಳಿದಾಗ ಆತನು ನಗಲಿಲ್ಲ. ಬಹಳ ಹೊತ್ತು ಕುಳಿತಿದ್ದು, ಜೇಬಿನ ಪೊಟ್ಟಣವನ್ನು ನಮ್ಮ ಮೇಜಿನ ಮೇಲೆ ಬಿಟ್ಟುಹೋದನು. ಮಗನಿಗೆ ಹೊಡೆಯುವುದನ್ನು ನಿಲ್ಲಿಸಿ, ‘ನಾವಿಬ್ಬರೂ ಒಂದೇ ದಿನ ಬಿಡೋಣ’ ಎಂದು ಗೊತ್ತುಮಾಡಿಕೊಂಡರು. ಸುಲಭವಾಗಲಿಲ್ಲ. ಮೊದಲನೆಯ ವಾರ ಆ ಮನೆಯಲ್ಲಿ ಇಬ್ಬರು ಸಿಡುಕರ ನಡುವೆ ಆ ತಾಯಿ ಪಟ್ಟ ಪಾಡನ್ನು ಆಕೆಯೇ ಹೇಳಬೇಕು. ಹುಡುಗನು ಬಿಟ್ಟು ಈಗ ಎಂಟು ತಿಂಗಳಾಯಿತು. ತಂದೆಯು ಒಂದು ಮದುವೆಯ ಮನೆಯಲ್ಲಿ ಎರಡು ಸೇದಿದನು. ಅದನ್ನು ಮುಚ್ಚಿಡದೆ ಮನೆಗೆ ಬಂದು ಮಗನಿಗೆ ತಾನೇ ಹೇಳಿದನಂತೆ. “ಪರವಾಗಿಲ್ಲಪ್ಪ, ನಾಳೆಯಿಂದ ಮತ್ತೆ ಮೊದಲನೆಯ ದಿನ” ಎಂದು ಮಗನು ಹೇಳಿದನಂತೆ.

ಇಂಥ ಪ್ರಯತ್ನದಲ್ಲಿರುವವರಿಗೆ ಉಪಯೋಗವಾಗತಕ್ಕ ಕೆಲವು ಮಾತುಗಳುಂಟು. ಬಿಟ್ಟ ಮೊದಲ ಮೂರು ದಿವಸಗಳು ಅತಿ ಕಠಿಣ. ಆ ಮೇಲೆ ಇಳಿಯುತ್ತ ಬಂದು ಮೂರು ನಾಲ್ಕು ವಾರಗಳಲ್ಲಿ ಶರೀರದ ಕಾಟವು ಬಹುಮಟ್ಟಿಗೆ ತೀರುತ್ತದೆ. ಬಯಕೆಯು ಅಲೆಯಂತೆ ಬಂದು ಕೆಲವು ನಿಮಿಷಗಳಲ್ಲಿ ತಾನೇ ಇಳಿಯುವುದರಿಂದ, ಆ ಹೊತ್ತಿನಲ್ಲಿ ಒಂದು ಲೋಟ ನೀರು, ಬಾಯಿಗೆ ನಾಲ್ಕು ಸೋಂಪಿನ ಕಾಳು, ಬೀದಿಯ ತುದಿಯವರೆಗೆ ಒಂದು ಸುತ್ತು ನಡಿಗೆ, ಇಷ್ಟು ಸಾಕಾಗುತ್ತದೆ. ನಡಿಗೆ ಮಾತ್ರ ಅಂಗಡಿಯ ದಿಕ್ಕಿನಲ್ಲಿ ಬೇಡ. ಆ ದಿನಗಳಲ್ಲಿ ಹುಡುಗನು ಎದುರುಮಾತಾಡಿದರೆ ಅದು ರೋಗದ ಮಾತೆಂದು ತಿಳಿದು ಮನೆಯವರು ಸುಮ್ಮನಿರಬೇಕು. ಪರೀಕ್ಷೆಯ ತಿಂಗಳನ್ನು ಬಿಡುವುದಕ್ಕೆ ಆರಿಸಿಕೊಳ್ಳಬಾರದು. ಬಿಡಿಸುವ ಔಷಧಗಳನ್ನೂ ನಿಕೋಟಿನ್ ಅಗಿಯುವ ಗೋಂದನ್ನೂ ಎಳೆಯರಿಗೆ ವೈದ್ಯರನ್ನು ಕೇಳದೆ ಕೊಡಕೂಡದು. ಕೇಂದ್ರ ಸರ್ಕಾರದವರು 2016ರಲ್ಲಿ ದೂರವಾಣಿಯ ಮೂಲಕ ಸಲಹೆ ಕೊಡುವ ಏರ್ಪಾಡೊಂದನ್ನು ಆರಂಭಿಸಿದರು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಅದಕ್ಕೆ ಸೇರಿತು. 1800112356 ಎಂಬ ಸಂಖ್ಯೆಗೆ ಕರೆಮಾಡಿದರೆ ಹಣ ಕೊಡಬೇಕಾದುದಿಲ್ಲ. ಅಲ್ಲಿಯವರು ಬಿಡತಕ್ಕ ದಿನವೊಂದನ್ನು ಗೊತ್ತುಮಾಡಿಸಿ, ಆಮೇಲೆ ತಾವಾಗಿಯೇ ಕರೆದು ವಿಚಾರಿಸುತ್ತಾರೆ. ಸಿಗರೇಟಿನ ಪೊಟ್ಟಣದ ಮೇಲೆಯೂ ಈ ಸಂಖ್ಯೆ ಅಚ್ಚಾಗಿರುತ್ತದೆ. ಬಿಡಿಯಾಗಿ ಕೊಳ್ಳುವ ಹುಡುಗರ ಕಣ್ಣಿಗೆ ಅದು ಬೀಳುವುದಿಲ್ಲವಾದುದರಿಂದ ಇಲ್ಲಿ ಬರೆದಿದ್ದೇವೆ.